ಬೂತಿನ ಅಕ್ಕನ ಓದುಗ

ಅವರ ಕುತ್ತಿಗೆ ಎಡಕ್ಕೆ ವಾಲಿತ್ತು. ವರ್ಷಗಟ್ಟಲೆ ಎಸ್‌ಟಿಡಿ ಬೂತಿನಲ್ಲಿ ಕೂತು, ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಬಿಲ್ಲು ಹರಿದು ಚಿಲ್ಲರೆ ಕೊಟ್ಟು ಆದದ್ದು ಅದು. ಫೋನಿಲ್ಲದಾಗಲೂ ತಲೆ ಹಾಗೇ ಇರುತ್ತಿತ್ತು. ಎದುರು ನಿಂತು ಮಾತಾಡಿದರೆ, ಇವರು ನಮ್ಮ ಮಾತಿನ ಜೊತೆಗೆ ಇನ್ನೆಲ್ಲಿಂದಲೋ ಬರುವ ದನಿಯನ್ನೂ ಕೇಳುತ್ತಿದ್ದಾರೆ ಅನಿಸುತ್ತಿತ್ತು. ಕುಮಟೆಯ ಬಸ್‌ಸ್ಟ್ಯಾಂಡಿನ ಹತ್ತಿರದ ಓಣಿಯಲ್ಲಿ ಅವರ ಅಂಗಡಿ. ಊರಿಗೆಲ್ಲ ಅವರು ಬೂತಿನ ಅಕ್ಕ.

ಎರಡು ಸಾವಿರದ ಇಸವಿಯ ಆಚೀಚೆ ಬೂತಿಗೆ ಎರಡು ಕಂಪ್ಯೂಟರ್ ಬಂದವು. ನಾನು ಆಗ ಅದೇ ಓಣಿಯ ಪ್ರೆಸ್ಸಿನಲ್ಲಿ ಮದುವೆ ಕಾಗದಗಳ ಪ್ರೂಫ್ ನೋಡುತ್ತಿದ್ದೆ. ಸಂಜೆ ಕೆಲಸ ಬಿಟ್ಟು ಹಳದೀಪುರದ ಬಸ್ಸು ಹತ್ತುವ ಮೊದಲು ಅಕ್ಕನ ಅಂಗಡಿಯಲ್ಲಿ ಕೂತು ನನ್ನದೇ ಒಂದು ನಗೆಯ ವೆಬ್‌ಸೈಟ್ ಮಾಡಿಕೊಂಡೆ. ಪುಕ್ಕಟೆ ಸಿಗುವ ಜಾಗ, ಕಣ್ಣಿಗೆ ಚುಚ್ಚುವ ಹಳದಿ ಹಿನ್ನೆಲೆ, ಮೂಲೆಯಲ್ಲಿ ಕುಣಿಯುವ ಕಪ್ಪೆ. ಕನ್ನಡ ಲಿಪಿ ಎಲ್ಲ ಕಂಪ್ಯೂಟರಿನಲ್ಲೂ ಮೂಡುತ್ತಿರಲಿಲ್ಲ, ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಿದ್ದೆ. ಮನೆಯಲ್ಲಿ ಇದೆಂಥ ಹುಚ್ಚು ಎಂದರು. ಹುಚ್ಚೇ ಸರಿ. ಪುಟ ಒಂದೊಂದೇ ಗೆರೆಯಾಗಿ ತೆರೆದುಕೊಳ್ಳುವಾಗ, ಮೇಲೆ ಫ್ಯಾನು ಗುಂಯ್‌ಗುಡುವಾಗ, ಎಲ್ಲೋ ಒಂದು ಗೊತ್ತಿಲ್ಲದ ಊರಿನ ಕೋಣೆಯಲ್ಲಿ ಗೊತ್ತಿಲ್ಲದ ಮನುಷ್ಯ ಇದೇ ಗೆರೆಗೆ ನಗುತ್ತಿದ್ದಾನೆ ಎಂದು ಕಲ್ಪಿಸಿಕೊಳ್ಳುತ್ತ ಎಷ್ಟೋ ಬಸ್ಸು ತಪ್ಪಿಸಿಕೊಂಡಿದ್ದೇನೆ.

ಓದುಗರು ಬಂದರು. ಮುಂಬೈ, ಮಸ್ಕತ್, ದಮ್ಮಾಮ್. ನನ್ನ ಹಾಸ್ಯದ ಕೀರ್ತಿ ಕಡಲು ದಾಟಿತೆಂದು ನಾನು ಉಬ್ಬಿಹೋದೆ. ಗಾಳಿ ತೆಗೆದವರು ಅಕ್ಕ. ಜನ ಯಾವ ಪದ ಹುಡುಕುತ್ತ ಬಂದರು ಎಂದು ತೋರಿಸುವ ಪುಟವೊಂದಿತ್ತು. ಅದನ್ನು ಓದಿ ಅಕ್ಕ ಮೂಗಿನಲ್ಲೇ ನಕ್ಕರು. ಬಾಯಿಬಿಟ್ಟು ನಗುವ ಅಭ್ಯಾಸ ಅವರಿಗಿರಲಿಲ್ಲ. ನಗೆ ಹುಡುಕಿ ಒಬ್ಬನೂ ಬಂದಿರಲಿಲ್ಲ. ಒಬ್ಬ ಹಳದೀಪುರ ಎಂದು ಹೊಡೆದಿದ್ದ, ಇನ್ನೊಬ್ಬ ಧಾರೇಶ್ವರ, ಮತ್ತೊಬ್ಬ ಭಟ್ಕಳದ ಬಸ್ಸಿನ ಹೊತ್ತು. ನನ್ನ ಜೋಕುಗಳಲ್ಲಿ ಈ ಹೆಸರುಗಳು ಇದ್ದದ್ದಕ್ಕೆ ಪಾಪ, ದಾರಿತಪ್ಪಿ ನನ್ನ ಅಂಗಳಕ್ಕೆ ಬಂದಿದ್ದರು.

“ನಿನ್ನ ಜೋಕು ನೋಡುಕೆ ಯಾರು ಬರ್ತಾರೆ ತಮಾ? ದೂರ ಹೋದವ್ರು ಸುಮ್ನೆ ಊರಿನ ಹೆಸರು ಹೊಡ್ದು ನೋಡೂದು,” ಎಂದರು. ಬೂತಿಗೆ ಬರುವ ಕರೆಗಳೂ ಹಾಗೆಯೇ ಅಂತೆ. ಮುಂಬೈಯಿಂದ ಫೋನು ಮಾಡಿದ ಗಂಡ, ಹೆಂಡತಿಯನ್ನು ಕರೆತರುವಷ್ಟರಲ್ಲಿ ಅಕ್ಕನ ಹತ್ತಿರವೇ ಇವತ್ತು ಬಂಗಡೆ ಮೀನು ಬಂತೇ ಎಂದು ವಿಚಾರಿಸುತ್ತಿದ್ದನಂತೆ.

ನನಗೆ ಸಿಟ್ಟು ಬಂತು, ಎರಡು ದಿನ ಆ ಕಡೆ ತಲೆ ಹಾಕಲಿಲ್ಲ. ಮೂರನೆಯ ದಿನ ಅಕ್ಕ ತಾವೇ ಪ್ರೆಸ್ಸಿನ ಬಾಗಿಲಿಗೆ ಬಂದರು. ಬಾಡದ ಹೆಸರು ಹಾಕಿ ಏನಾದರೂ ಬರೆಯುತ್ತೀಯಾ ಎಂದು ಕೇಳಿದರು. ಬಾಡ ಅವರ ತವರು. ಅಂದೇ ನನಗೆ ಅವರ ತಮ್ಮನ ಕತೆ ತಿಳಿದದ್ದು.

ತಮ್ಮ ಹದಿನೆಂಟರ ಹುಡುಗನಾಗಿದ್ದಾಗ ದೋಣಿಯನ್ನು ಸಡಿಲ ಕಟ್ಟಿ ಬಂದಿದ್ದ, ದೋಣಿ ಕಡಲಿಗೆ ತೇಲಿಹೋಗಿತ್ತು. ಮೀನು ಕೊಳ್ಳಲು ಬಂದವರೆಲ್ಲರ ಎದುರು ಅಪ್ಪ ಕೆನ್ನೆಗೆ ಹೊಡೆದರು. ಅಂದು ಹೋದವನು ಮತ್ತೆ ಬರಲಿಲ್ಲ. ಮನೆಯವರು ಪೇಪರಿನಲ್ಲಿ ಫೋಟೋ ಹಾಕಿಸಿ ‘ತಾಯಿ ಹಾಸಿಗೆ ಹಿಡಿದಿದ್ದಾಳೆ’ ಎಂದು ಸುಳ್ಳೇ ಬರೆಸಿದರು, ಮುಂಬೈಯ ನೆಂಟರ ಕೈಯಲ್ಲಿ ಹೇಳಿ ಕಳಿಸಿದರು. ಅಕ್ಕ ಬೂತು ಹಾಕಿದ್ದೇ ಅವನಿಗೊಂದು ನಂಬರು ಇರಲಿ ಎಂದು, ಅದನ್ನೂ ಆ ನೆಂಟರಿಗೆಲ್ಲ ಕೊಟ್ಟಿಟ್ಟರು. ಒಂದೇ ಸಲ ಅವನ ಕರೆ ಬಂತು. ದನಿ ಕೇಳಿದ್ದೇ ಅಕ್ಕ ಅತ್ತುಬಿಟ್ಟರು. ಆ ಕಡೆಯವನು ಫೋನಿಟ್ಟುಬಿಟ್ಟ. ಮುಂದೆ ಅಪ್ಪ ತೀರಿಕೊಂಡಾಗಲೂ ಅವನಿಗೆ ಹೇಳಲು ದಾರಿಯಿರಲಿಲ್ಲ.

ಅಂದಿನಿಂದ ನನ್ನ ಕತೆಗಳೆಲ್ಲ ಬಾಡದಲ್ಲೇ ನಡೆದವು. ಬಾಡದ ಬೆಕ್ಕಿಗೆ ಮೀನು ಬೇಸರ ಬಂದು ಮಜ್ಜಿಗೆ ಕುಡಿಯಲು ಕಲಿತದ್ದು, ಬಾಡದ ಮದುಮಗ ಬಸ್ಸಿನಲ್ಲಿ ನಿದ್ದೆ ಹೋಗಿ ಮುಹೂರ್ತದ ಹೊತ್ತಿಗೆ ಹೊನ್ನಾವರ ತಲುಪಿದ್ದು. ಅಕ್ಕ ಒಂದೊಂದನ್ನೂ ಓದಿ, ಎಲ್ಲಾದರೂ ಮರುಕದ ಸಾಲು ಕಂಡರೆ ಬೆರಳಿಟ್ಟು ತೋರಿಸಿ ತೆಗೆಸುತ್ತಿದ್ದರು. ಅಂಥ ನಿರ್ದಯ ಸಂಪಾದಕರನ್ನು ನಾನು ಮುಂದೆಂದೂ ಕಾಣಲಿಲ್ಲ. ಪುಟ ತೆರೆಯಲು ತಡವಾದರೆ ಕಂಪ್ಯೂಟರಿಗೇ “ಬಂದ್ಯನಾ?” ಎಂದು ಕೇಳುತ್ತಿದ್ದರು.

ಒಂದು ಸಂಜೆ ಅಭಿಪ್ರಾಯದ ಪುಟದಲ್ಲಿ, ಹೆಸರು ಊರು ಎರಡೂ ಖಾಲಿ ಬಿಟ್ಟು, ಯಾರೋ ಬರೆದಿದ್ದರು: ನೀವು ಬರೆದದ್ದು ತಪ್ಪು, ಬೆಕ್ಕಿನ ಕತೆಯಲ್ಲಿ ಬರುವ ಬಾಡದ ಬಾವಿ ರಸ್ತೆಯ ಎಡಕ್ಕಲ್ಲ, ಬಲಕ್ಕೆ. ಅಕ್ಕ ಅದನ್ನು ಮತ್ತೆ ಮತ್ತೆ ಓದಿದರು. ಸಣ್ಣವನಿದ್ದಾಗ ನನ್ನ ತಮ್ಮ ಆ ಬಾವಿಗೆ ಬಿದ್ದು ಎದ್ದವನು ಎಂದರು. ಬಾಡದವರು ಯಾರು ಬೇಕಾದರೂ ಬರೆದಿರಬಹುದಲ್ಲ ಎಂದೆ. ಅವನಲ್ಲದಿದ್ದರೆ ಅವನಂಥವನೇ ಇನ್ನೊಬ್ಬ, ಬರೆಯುವುದು ನಿಲ್ಲಿಸಬೇಡ ಎಂದರು. ಆ ಹೆಸರಿಲ್ಲದವನು ಆಮೇಲೂ ವರ್ಷಕ್ಕೊಂದೆರಡು ಸಲ ಬಂದು ನನ್ನ ತಪ್ಪು ತಿದ್ದಿ ಹೋಗುತ್ತಿದ್ದ.

ಒಂದು ಮಳೆಗಾಲ ಅಕ್ಕನ ತಾಯಿ ನಿಜವಾಗಿಯೂ ಹಾಸಿಗೆ ಹಿಡಿದರು. ನನಗೆ ತಡೆಯಲಾಗಲಿಲ್ಲ. ಈಗಲಾದರೂ ಬರೆಯೋಣ, ಅಮ್ಮನಿಗೆ ಹುಷಾರಿಲ್ಲ ಬಾ ಅಂತ ಒಂದೇ ಸಾಲು, ಎಂದೆ. ಅಕ್ಕ ಬೇಡವೆಂದರು.

“ಅಳು ಕೇಳಿದ್ರೆ ಅವ ಓಡ್ತಾ. ನಗೆ ಕೇಳಿದ್ರೆ ನಿಂತ್ಕಳ್ತಾ. ನಿಂತ್ಕಂಡಿದ್ದ ಈಗ, ಅಲುಗಾಡಿಸಬ್ಯಾಡ.”

ತಾಯಿ ಚೇತರಿಸಿಕೊಂಡರು. ಮೊಬೈಲು ಬಂದು ಬೂತಿಗೆ ಜನ ಬರುವುದು ನಿಂತಿತು, ಕಂಪ್ಯೂಟರುಗಳೂ ಮುದಿಯಾದವು, ಅಕ್ಕ ಮಾತ್ರ ಹಳೆಯ ಫೋನ್ ನಂಬರನ್ನು ಬಿಟ್ಟುಕೊಡಲಿಲ್ಲ. ಹೀಗಿರುವಾಗ ಅವರಿಗೇ ಜ್ವರ ಬಂತು. ಸಾಮಾನ್ಯ ಜ್ವರ ಅಂದುಕೊಂಡೆವು. ಮಂಗಳೂರಿನ ತನಕ ಒಯ್ದರೂ ಉಳಿಯಲಿಲ್ಲ.

ಇನ್ನು ಅವರ ತಮ್ಮನಿಗೆ ಹೇಳಬೇಕಾದದ್ದು ನಾನು, ಹೇಳಲು ಇದ್ದದ್ದು ಕಪ್ಪೆ ಕುಣಿಯುವ ಆ ಒಂದು ಹಳದಿ ಪುಟ. ಪ್ರೆಸ್ಸಿನ ಕಂಪ್ಯೂಟರಿನ ಎದುರು ಕೂತು ಬರೆದದ್ದೆಲ್ಲ ಅಳುವೇ. ಅಷ್ಟನ್ನೂ ಅಳಿಸಿದೆ. ಆಮೇಲೆ ಅಕ್ಕನ ಮೇಲೆಯೇ ಒಂದು ನಗೆಬರಹ ಬರೆದೆ. ಕುಡಿದು ಬಂದವನಿಗೆ ಫೋನು ಕೊಡದೆ ಮಜ್ಜಿಗೆ ಕುಡಿಸಿ ಕಳಿಸುತ್ತಿದ್ದದ್ದು, ಗಂಡಹೆಂಡಿರ ಜಗಳದ ಕರೆಯಲ್ಲಿ ಹೆಂಡತಿಯ ಪರವಾಗಿ ಪಕ್ಕದಿಂದ ಹೇಳಿಕೊಡುತ್ತಿದ್ದದ್ದು, ರಿಸೀವರ್ ಕಿವಿಗೆ ಸಿಕ್ಕಿಸಿಕೊಂಡೇ ನಿದ್ದೆ ಹೋಗಿ ಗೊರಕೆಯನ್ನು ಮುಂಬೈಗೆ ಕೇಳಿಸಿದ್ದು. ಬರೆಯುತ್ತ ನಾನೇ ನಕ್ಕೆ, ಕಣ್ಣು ಒರೆಸಿಕೊಂಡೆ, ಮತ್ತೆ ನಕ್ಕೆ. ಅಕ್ಕ ಇನ್ನಿಲ್ಲ, ಅಮ್ಮ ಬಾಡದ ಮನೆಯಲ್ಲಿದ್ದಾರೆ ಎಂಬುದನ್ನು ತೀರ ಕೊನೆಗೆ ಒಂದೇ ಸಾಲಿನಲ್ಲಿ ಹಾಕಿದೆ.

ನನ್ನ ಬರವಣಿಗೆಯಲ್ಲಿ ಒಳ್ಳೆಯದು ಅನ್ನುವಂಥದ್ದೇನಾದರೂ ಇದ್ದರೆ ಅದು ಅಕ್ಕ ಬೆರಳಿಟ್ಟು ಕಲಿಸಿದ್ದು. ಅದನ್ನು ಅವರಿಗೆ ಒಮ್ಮೆಯೂ ಹೇಳಲಿಲ್ಲ ಎಂಬ ಕೊರಗು ನನಗೆ ಈಗಲೂ ಇದೆ.

ಆ ಬರಹ ಹಾಕಿದ ವಾರದೊಳಗೆ ಅಭಿಪ್ರಾಯದ ಪುಟದಲ್ಲಿ ಒಂದು ಮಾತು ಬಂದು ಕೂತಿತ್ತು. ಊರಿನ ಜಾಗ ಖಾಲಿ. ಹೆಸರಿನ ಜಾಗದಲ್ಲಿ ‘ತಮ್ಮ’ ಎಂದಿತ್ತು.

“ಓದಿ ತುಂಬ ನಕ್ಕೆ. ಮನೆಗೆ ಹೊರಟಿದ್ದೇನೆ. ಅಮ್ಮನಿಗೆ ಹೇಳಿ.”

ಪ್ರೂಫು ಮೇಜಿನ ಮೇಲೆ ಹಾಗೇ ಬಿಟ್ಟು ನಾನು ಬಾಡದ ಬಸ್ಸು ಹತ್ತಿದೆ.