ಸೊನ್ನೆಗೆ ಬೇಕಾದ ನಲವತ್ತು ನಿಮಿಷ

ಕೆಲಸದ ಜಾಗದಲ್ಲಿ ಎಲ್ಲರೂ ಅವನನ್ನು ನಿಧಾನಪ್ಪ ಎಂದೇ ಕರೆಯುತ್ತಿದ್ದರು. ಕರೆದರೆ ಓಗೊಡುವುದೂ ನಿಧಾನವೇ. ಗಾಳಿಯಲ್ಲಿ ಅಮೋನಿಯ ಎಷ್ಟಿದೆಯೆಂದು ಲೇಸರ್ ಬೆಳಕಿನಿಂದ ಅಳೆಯುವ ಯಂತ್ರಗಳನ್ನು ಸರಿಹೊಂದಿಸುವುದು ಅವನ ಕಸುಬು. ಅಮೋನಿಯ ಮಹಾ ಜಿಗುಟು ಅನಿಲ. ಪರೀಕ್ಷೆ ಮುಗಿದರೂ ಕೊಳವೆಯ ಒಳಗೆ ಅಂಟಿಕೊಂಡು, ಹೊರಡಲೊಲ್ಲದ ನೆಂಟನ ಹಾಗೆ ಕೂತಿರುತ್ತದೆ. ಶುದ್ಧ ನೈಟ್ರೋಜನ್ ಹಾಯಿಸಿ, ಅದು ಪೂರ್ತಿ ತೊಲಗಿದ ಮೇಲೆಯೇ ‘ಇದು ಸೊನ್ನೆ’ ಎಂದು ಯಂತ್ರಕ್ಕೆ ಹೇಳಬೇಕು. ಅವಸರಪಟ್ಟರೆ ಉಳಿದ ಅಮೋನಿಯವನ್ನೂ ಸೊನ್ನೆಯೆಂದೇ ಎಣಿಸಿ, ಯಂತ್ರ ಆಮೇಲೆ ಇರುವುದಕ್ಕಿಂತ ಕಡಿಮೆಯೇ ತೋರಿಸುತ್ತದೆ. ವಿಷಗಾಳಿ ಸೋರಿದರೂ ಅಪಾಯದ ಗಂಟೆ ತಡವಾಗಿ ಹೊಡೆಯುತ್ತದೆ. ಉಳಿದವರು ಅರ್ಧ ಗಂಟೆ ಸಾಕೆಂದರೆ ಇವನು ನಲವತ್ತು ನಿಮಿಷ ಕಾಯುತ್ತಿದ್ದ. ಇಂಥವನನ್ನು ಯಾರಾದರೂ ಬೈಯುತ್ತಾರೆಯೇ? ಎಲ್ಲರೂ ಬೈಯುತ್ತಿದ್ದರು.

ಅವನ ಹೆಂಡತಿ ಅಂಚೆ ಕಚೇರಿಯಲ್ಲಿ ಗುಮಾಸ್ತೆ. ಐವತ್ತು ದಾಟಿದ ಮೇಲೆ ಮೊದಲ ಸಲ ಕಚೇರಿಯವರ ನಾಟಕದಲ್ಲಿ ಪಾತ್ರ ಸಿಕ್ಕಿತ್ತು. ಇದ್ದದ್ದು ಒಂದೇ ಮಾತು. ತಿಂಗಳಿಡೀ ಪಾತ್ರೆ ತೊಳೆಯುತ್ತ, ಬಟ್ಟೆ ಮಡಚುತ್ತ ಅದನ್ನೇ ಹೇಳಿಕೊಂಡಿದ್ದಳು.

“ಇವತ್ತಾದ್ರೂ ಹೊತ್ತಿಗೆ ಸರಿಯಾಗಿ ಬನ್ರೀ,” ಎಂದಿದ್ದಳು ನಾಟಕದ ದಿನ ಬೆಳಿಗ್ಗೆ.

ಬಂದ. ಮುಂದಿನ ಸಾಲಿನಲ್ಲೇ ಕೂತ. ಪರದೆ ಏಳುವುದು ತಡವಾಯಿತು. ಸುಮ್ಮನೆ ಗಡಿಯಾರ ನೋಡಿದವನಿಗೆ ತಟ್ಟನೆ ನೆನಪಾಯಿತು. ಅಮೋನಿಯದಿಂದಲೇ ತಂಪಾಗಿಡುವ ಶೈತ್ಯಾಗಾರಕ್ಕೆ ಮಧ್ಯಾಹ್ನ ಕಳಿಸಿದ ಯಂತ್ರಕ್ಕೆ, ನಾಟಕದ ಗಡಿಬಿಡಿಯಲ್ಲಿ, ಅವನು ಕೊಟ್ಟದ್ದು ಹನ್ನೆರಡೇ ನಿಮಿಷ. ಸಂಜೆಯ ಪಾಳಿಯವರು ಈಗ ಅದನ್ನೇ ನಂಬಿ ಒಳಗೆ ದುಡಿಯುತ್ತಿದ್ದರು. ಹೊರಗೆ ಬಂದು ಶೈತ್ಯಾಗಾರದ ಮೇಲ್ವಿಚಾರಕನಿಗೆ ಫೋನ್ ಮಾಡಿದ.

“ಎಲ್ರನ್ನೂ ಹೊರಗೆ ಕಳ್ಸಿ. ಆ ಮೆಷಿನ್ ನಂಬಬೇಡಿ.”

“ಸೊನ್ನೆ ತೋರಿಸ್ತಿದೆಯಲ್ಲ ಸಾರ್?”

“ಅದಕ್ಕೇ ಹೇಳ್ತಿರೋದು. ತಪ್ಪು ನಂದು. ಬರ್ತಾ ಇದೀನಿ.”

ಒಳಗೆ ನಾಟಕ ಶುರುವಾದ ಸದ್ದು ಕೇಳಿಸಿತು. ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದ. ಆದರೂ ಸ್ಕೂಟರ್ ಹತ್ತಿದ.

ಶೈತ್ಯಾಗಾರದಲ್ಲಿ ಏನೂ ಸೋರಿರಲಿಲ್ಲ. ನೈಟ್ರೋಜನ್ ಹಾಯಿಸಿ, ಯಂತ್ರದ ಮುಖ ಸೊನ್ನೆಯ ಕೆಳಗಿನದನ್ನು ತೋರಿಸದ ಕಾರಣ ಲ್ಯಾಪ್‌ಟಾಪಿಗೆ ಜೋಡಿಸಿ, ನಿಂತೇ ಕಾದ. ಅಂಕಿ ಇಳಿಯುತ್ತ ಇಳಿಯುತ್ತ ಸೊನ್ನೆಗಿಂತ ಒಂಬತ್ತು ಕೆಳಗೆ ಹೋಗಿ ನಿಂತಿತು. ಅಷ್ಟೂ ಅವನ ಅವಸರವೇ. ಸರಿಮಾಡಿ, ತನ್ನ ಸಹಿಯ ಹಳೇ ಚೀಟಿ ಕಿತ್ತು ಹೊಸದು ಅಂಟಿಸಿದ. ಗೇಟಿನ ಬಳಿ ನಿಂತಿದ್ದ ಪಾಳಿಯವರಿಗೆ ನಡೆದದ್ದನ್ನು ತಾನೇ ಹೇಳಿ ತಲೆ ತಗ್ಗಿಸಿದ.

ಮನೆಯ ಬಾಗಿಲು ತಟ್ಟಿದಾಗ ಹೆಂಡತಿ ತೆರೆದಳು. ಮುಖದ ಬಣ್ಣ ಇನ್ನೂ ಹಾಗೇ ಇತ್ತು. ಅವನನ್ನು ಮೇಲಿಂದ ಕೆಳಗೆ ನೋಡಿ, ಗಂಟಲು ಸರಿಮಾಡಿಕೊಂಡು, ತನ್ನ ಪಾತ್ರದ ಮಾತನ್ನು ಒಂದಕ್ಷರ ತಪ್ಪದೆ ಹೇಳಿದಳು.

“ಯಜಮಾನರು ಮನೆಯಲ್ಲಿಲ್ಲ. ಎಲ್ಲಿಗೆ ಹೋದರೋ, ಹೇಳಿ ಹೋಗಿಲ್ಲ.”

ಅವನು ಹೊಸ್ತಿಲಾಚೆಯೇ ನಿಂತು, ಸಲಕರಣೆಯ ಪೆಟ್ಟಿಗೆ ಕೆಳಗಿಟ್ಟು, ಎರಡೂ ಕೈಯಲ್ಲಿ ಚಪ್ಪಾಳೆ ತಟ್ಟಿದ. ಆಮೇಲೆ ನಡೆದದ್ದೆಲ್ಲ ಹೇಳಿದ.

“ಈ ಸಲ ಎಷ್ಟು ಹೊತ್ತು ಕಾದ್ರಿ?” ಎಂದಳು.

“ನಲವತ್ತು ನಿಮಿಷ.”

“ಹಾಗಾದ್ರೆ ಒಳಗೆ ಬನ್ನಿ.”