ಸಿರ್ಗಾಪುರದಿಂದ ತಾಂಡೂರಿಗೆ, ಅಕ್ಕನ ಜೊತೆ

ಕಲಬುರಗಿಯಿಂದ ಬೆಳಗಿನ ಬಸ್ಸು ಹಿಡಿದು, ಹುಮನಾಬಾದ್ ದಾಟಿ ಜಹೀರಾಬಾದಿನಲ್ಲಿ ಇಳಿದಾಗ ಬಿಸಿಲು ಏರಿತ್ತು. ಮಾರ್ಚ್ ತಿಂಗಳ ಕೊನೆ. ಹೆದ್ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು ಉದುರಿಸಿಹೋದ ಸೋಗೆ ಹಾರಾಡುತ್ತಿತ್ತು. ನಾರಾಯಣಖೇಡದ ಬಸ್ಸಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಚಹಾ ಕೇಳಿದೆ. ಯಾವೂರೆಂದು ಮಾಲೀಕ ಕೇಳಿದ್ದಕ್ಕೆ ಬೀದರ ಎಂದು ಸುಳ್ಳು ಹೇಳಿದೆ. ಹೊರಗಿನವರಿಗೆ ಊರ ಹೆಸರು ಹೇಳಬಾರದೆಂದು ಕಲಿಸಿದ ಪಾಠ ಇನ್ನೂ ಬಿಟ್ಟಿರಲಿಲ್ಲ. ಅವನು ನನ್ನ ಕೈಯನ್ನೂ, ಕಪ್ಪಿನಿಂದ ಕೆಳಗಿನ ತಟ್ಟೆಗೆ ತುಳುಕುತ್ತಿದ್ದ ಚಹಾವನ್ನೂ ನೋಡುತ್ತಿದ್ದ.

“ಚಾ ಎಲ್ಲಾ ಬಸಿಗೇ ಹೋಗ್ಯಾದ್ರಿ. ಕಪ್ಪಿನಾಗ ಉಳದದ್ದರ ಕುಡೀರಿ,” ಎಂದ.

ನಾನು ಹೊರಟಿದ್ದು ಅಕ್ಕ ಶಾಂತಮ್ಮನನ್ನು ಕರೆತರಲು. ಸಿರ್ಗಾಪುರದ ಆಚೆಗಿನ ಒಂದು ಹಳ್ಳಿಯಲ್ಲಿ ಕುರಿ ಸಾಕಿಕೊಂಡು, ಹೊಲ ಮಾಡಿಕೊಂಡು ಕೆಲವು ಕುಟುಂಬಗಳು ಒಂದೇ ಗೋಡೆಯೊಳಗೆ ಬದುಕುತ್ತವೆ. ಅವರ ಪಂಥಕ್ಕೆ ಹೊರಗೆ ಹೆಸರಿಲ್ಲ, ಒಳಗಿನವರು ‘ಮನಿ’ ಎನ್ನುತ್ತಾರೆ. ನಾವಿಬ್ಬರೂ ಬೆಳೆದದ್ದು ಅಲ್ಲೇ. ಯಾರು ಯಾರೊಡನೆ ಮಾತಾಡಬೇಕು, ಯಾರನ್ನು ಮದುವೆಯಾಗಬೇಕು, ಯಾವ ದಿನ ಉಪವಾಸ ಇರಬೇಕು, ಎಲ್ಲ ಹೇಳುವವನು ದೊಡ್ಡಪ್ಪ. ಅವನು ನಮಗೆ ಸಂಬಂಧಿಯಲ್ಲ. ಮನಿಯ ಹಿರಿಯನನ್ನು ಎಲ್ಲರೂ ಹಾಗೆಯೇ ಕರೆಯಬೇಕು. ಕಾಲೇಜಿಗೆಂದು ಹೊರಬಿದ್ದ ನಾನು ಮರಳಲಿಲ್ಲ. ಅಕ್ಕ ಉಳಿದಳು. ಹೋದ ವಾರ ಯಾರದೋ ಫೋನಿನಿಂದ ಅವಳು ಮಾತಾಡಿದ್ದಳು. ನಾರಾಯಣಖೇಡದ ಸಂತೆಗೆ ಕುರಿ ತರುತ್ತೇವೆ, ಬಸ್‌ಸ್ಟ್ಯಾಂಡಿಗೆ ಬಂದು ನನಗ ಕರಕೊಂಡು ಹೋಗು ಎಂದಳು. ಅಷ್ಟಕ್ಕೇ ಫೋನು ಕಟ್ಟಾಗಿತ್ತು.

ಬಸ್ಸಿನಲ್ಲಿ ಕುಳಿತಾಗ ಹಳೆಯ ಚಿತ್ರವೊಂದು ಮತ್ತೆ ಬಂತು. ಮನಿಯ ಅಂಗಳದಲ್ಲಿ ಜೋಳ ತುಂಬಿಡುವ ಹಗೇವು. ಆಳವಾದ ನೆಲಗುಂಡಿ. ಅದರ ಬಾಯಿಯಲ್ಲಿ ನಾನು ನಿಂತಿದ್ದೇನೆ, ಹಗ್ಗಕ್ಕೆ ಕಟ್ಟಿದ ದೀಪವೊಂದು ಕತ್ತಲೆಗೆ ಇಳಿಯುತ್ತಿದೆ. ಮಾತು ಕೇಳದ ಮಕ್ಕಳನ್ನು ಅದರೊಳಗೆ ಬಿಡುತ್ತಿದ್ದರೆಂದು ವಿಶ್ವವಿದ್ಯಾಲಯದ ಗೆಳೆಯರಿಗೆಲ್ಲ ಹೇಳಿದ್ದೇನೆ. ಒಳಗೆ ಹೇಗಿತ್ತು ಎಂದು ಒಬ್ಬ ಕೇಳಿದ ದಿನದಿಂದ ನನಗೆ ನೆಮ್ಮದಿಯಿಲ್ಲ, ಯಾಕೆಂದರೆ ಒಳಗಿನದು ಒಂದಿಷ್ಟೂ ನೆನಪಿಲ್ಲ. ನೆನಪು ತಾನೇ ಕಥೆ ಕಟ್ಟುತ್ತದೆಂದು ಓದಿದವನು ನಾನು. ಹಗೇವೇ ಇಲ್ಲದಿದ್ದರೆ? ನಾನು ಒಂದು ಸುಳ್ಳಿಗೆ ಹೆದರಿ ಓಡಿ ಬಂದು, ಅಕ್ಕನನ್ನು ಬಿಟ್ಟು ಬದುಕಿದ್ದರೆ?

ನಾರಾಯಣಖೇಡದಲ್ಲಿ ಕುರಿಗಳ ಸದ್ದಿಗೆ ತೆಲುಗು, ಕನ್ನಡ, ದಖ್ಖನಿ ಎಲ್ಲ ಕಲಸಿಹೋಗಿದ್ದವು. ಸಂತೆ ತೆಳುವಾಗುವವರೆಗೂ ನಿಂತೆ. ಅಕ್ಕ ಬರಲಿಲ್ಲ. ಮನಿಯವರು ಬೆಳಿಗ್ಗೆಯೇ ಮಾರಿ ಹೋದರು, ಹೆಣ್ಣುಮಕ್ಕಳು ಇವತ್ತು ಬಂದೇ ಇಲ್ಲ ಎಂದು ಕುರಿಗಾರನೊಬ್ಬ ಹೇಳಿದ. ಅವಳ ಫೋನಿನ ಮಾತು ದೊಡ್ಡಪ್ಪನಿಗೆ ಗೊತ್ತಾಗಿಹೋಗಿದೆ ಎನಿಸಿತು. ವಾಪಸು ಹೋಗುವ ಬಸ್ಸು ಎದುರಿಗೇ ನಿಂತಿತ್ತು. ಹತ್ತಲಿಲ್ಲ. ಒಂದು ಆಟೊ ಮಾತಾಡಿಕೊಂಡು ಸಿರ್ಗಾಪುರದ ದಾರಿ ಹಿಡಿದೆ. ಎರಡೂ ಬದಿಗೆ ಕೊಯ್ದ ಜೋಳದ ಹೊಲಗಳು, ಬಿರಿದ ಕರಿನೆಲ. ಆಟೊದವನು ಗೋಡೆಯಿಂದ ದೂರಕ್ಕೇ ನಿಲ್ಲಿಸಿದ.

“ನಾ ಬೇವಿನ ನೆಳ್ಳಾಗ ನಿಂದರ್ತೀನ್ರಿ. ಒಳಗ ಏನರ ಆದ್ರ ನನಗ ಕೂಗಬ್ಯಾಡ್ರಿ.”

ಮನಿಯಲ್ಲೊಂದು ಕಟ್ಟಳೆಯಿದೆ. ಬಿಟ್ಟು ಹೋದವನು ಮತ್ತೆ ಬಂದರೆ ಹೊಸ್ತಿಲಲ್ಲಿ ನೀರು ಕೊಡುತ್ತಾರೆ. ಕುಡಿದರೆ ಮರಳಿದ ಹಾಗೆ, ಆಮೇಲೆ ದೊಡ್ಡಪ್ಪನ ಅಪ್ಪಣೆಯಿಲ್ಲದೆ ಗೋಡೆ ದಾಟುವಂತಿಲ್ಲ. ಯಾರಾದರೂ ಹೋದರೆ ಅವರ ಹೆಸರು ಹೇಳಿ ಹೊಸ್ತಿಲ ಮೇಲೆ ನೀರು ಚೆಲ್ಲುತ್ತಾರೆ. ಅಂದಿನಿಂದ, ತಾವಾಗಿ ಮರಳಿ ಬಂದು ನಿಲ್ಲುವ ತನಕ, ಅವರ ಮುಖ ನೋಡುವುದು, ಕೂಗುವುದು, ಮುಟ್ಟುವುದು ದೋಷ. ಇದನ್ನೆಲ್ಲ ನಂಬದವನು ನಾನು. ಆದರೂ ಆ ಗೇಟಿನೊಳಗೆ ತಲೆ ತಗ್ಗಿಸಿಯೇ ಕಾಲಿಟ್ಟೆ.

ದೊಡ್ಡಪ್ಪ ಹೊರಸಿನ ಮೇಲೆ ಕುಳಿತು ಉಣ್ಣೆ ಹಿಂಜುತ್ತಿದ್ದ. ಮುದುಕನಾಗಿದ್ದ, ದನಿ ಮಾತ್ರ ಅದೇ ಮೆತ್ತನೆಯದು. “ಬಾ ತಮ್ಮಾ. ಬಿಸಲಾಗ ಬಂದೀದಿ,” ಎಂದ. ಕಟ್ಟೆಯ ಮೇಲಿದ್ದ ಬಿಳಿ ರುಮಾಲಿನ ಮೂರ್ನಾಲ್ಕು ಯುವಕರು ಎದ್ದರು. ಒಬ್ಬ ನನ್ನ ಹಿಂದೆ ಹೋಗಿ ಗೇಟಿನ ಚಿಲಕ ಹಾಕಿ, ಕುರಿ ಹೊರಗೆ ಹೋಗುತ್ತವೆ ಎಂದ. ಅಂಗಳದಲ್ಲಿ ಒಂದು ಕುರಿಯೂ ಇರಲಿಲ್ಲ.

ಅಕ್ಕನನ್ನು ಕೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ. ಈ ಅಂಗಳದಲ್ಲಿದ್ದ ಹಗೇವು ಎಲ್ಲಿ ಎಂದು ಕೇಳಿದೆ. ಅಂಗಳದ ತುಂಬ ಚಪ್ಪಡಿ ಹಾಸಿದ್ದರು, ಎಲ್ಲೂ ಗುರುತಿರಲಿಲ್ಲ.

“ಹಗೇವು? ಇಲ್ಲಿ ಎಂದಿತ್ತೊ ತಮ್ಮಾ? ಭಾಳ ಓದಿದವರಿಗೆ ಇಲ್ಲದ್ದೆಲ್ಲಾ ನೆನಪಾಗ್ತದ.”

ಯುವಕರು ನಕ್ಕರು. ಅವನ ಮಾತನ್ನು ನಾನು ಅರ್ಧ ನಂಬಿಬಿಟ್ಟೆ. ದೊಡ್ಡಪ್ಪ ಒಳಗೆ ಕೂಗಿ, ಶಾಂತಾ, ತಮ್ಮಗ ನೀರು ತಾ ಎಂದ.

ಅಕ್ಕ ತಾಮ್ರದ ಚೊಂಬು ಹಿಡಿದು ಹೊಸ್ತಿಲಿಗೆ ಬಂದಳು. ಕೂದಲು ಬೆಳ್ಳಗಾಗಿತ್ತು, ತುಟಿ ಒಡೆದಿತ್ತು. ಸಂತೆಗೆ ಬಿಡದೆ ಉಪವಾಸ ಹಾಕಿದ್ದರೆಂದು ಆಮೇಲೆ ತಿಳಿಯಿತು. ನಿಜ ಹೇಳಬೇಕೆಂದರೆ, ಆಗ ನನ್ನ ಕೈ ಚೊಂಬಿನತ್ತ ತಾನಾಗಿ ಚಾಚಿತು. ಕೊಟ್ಟಿದ್ದರೆ ಕುಡಿದುಬಿಡುತ್ತಿದ್ದೆ. ಅಕ್ಕ ಕೊಡಲಿಲ್ಲ. ಚೊಂಬನ್ನು ಹೊಸ್ತಿಲ ಮೇಲೆ ಬಗ್ಗಿಸಿದಳು. ನೀರು ಚಪ್ಪಡಿಗಳ ಸಂದಿಯಲ್ಲಿ ಹರಿದು ನನ್ನ ಚಪ್ಪಲಿ ತೊಯ್ಯಿತು.

“ಶಾಂತಮ್ಮ ಹೋದಳು,” ಎಂದಳು.

ತಾನೇ ತನ್ನ ಹೆಸರಲ್ಲಿ ನೀರು ಚೆಲ್ಲಿದವರನ್ನು ಆ ಗೋಡೆಯೊಳಗೆ ಯಾರೂ ಕಂಡಿರಲಿಲ್ಲ. ಬೋರಲು ಹಾಕಿದ ಚೊಂಬನ್ನು ದಾಟಿ ಅವಳು ಅಂಗಳಕ್ಕೆ ಇಳಿದಳು. ಯುವಕರು ದೊಡ್ಡಪ್ಪನ ಮುಖ ನೋಡಿದರು, ನೆಲ ನೋಡಿದರು, ಆಮೇಲೆ ಒಬ್ಬೊಬ್ಬರಾಗಿ ಗೋಡೆಯ ಕಡೆ ತಿರುಗಿದರು. ಅವರ ಕಟ್ಟಳೆಯೇ ಅವರ ಕೈ ಕಟ್ಟಿತ್ತು. ಕಡೆಗೆ ತಿರುಗಿದವನು ದೊಡ್ಡಪ್ಪ. ನಾನು ನಿಂತೇ ಇದ್ದೆ, ಗೇಟಿನ ಚಿಲಕ ಅಕ್ಕ ತೆಗೆದಳು.

ನಾರಾಯಣಖೇಡದವರೆಗೂ ಹಿಂದೆ ಒಂದು ಬೈಕಿನ ಸದ್ದು ಇತ್ತು. ಇತ್ತೆಂದು ನನ್ನ ನೆನಪು, ಆಟೊದವನಿಗೆ ಕೇಳಿಸಿರಲಿಲ್ಲವಂತೆ. ಜಹೀರಾಬಾದಿನ ಬಸ್ಸಿನಲ್ಲಿ ಕಂಡಕ್ಟರ್ ಅಕ್ಕನ ಆಧಾರ್ ಕೇಳಿದ. ತೆಲಂಗಾಣದಲ್ಲಿ ಅದನ್ನು ತೋರಿಸಿದರೆ ಹೆಣ್ಣುಮಕ್ಕಳಿಗೆ ಟಿಕೆಟ್ ಪುಕ್ಕಟೆ. ಮನಿಯವರೆಲ್ಲರ ಆಧಾರ್ ದೊಡ್ಡಪ್ಪನ ಪೆಟ್ಟಿಗೆಯಲ್ಲಿದೆ. ನಾನು ದುಡ್ಡು ಚಾಚಿದೆ.

“ಎಲ್ಲಾರೂ ಪುಕ್ಕಟೆ ಹೋಗ್ತಾರ, ನೀವೊಬ್ರೇ ರೊಕ್ಕ ಕೊಡ್ತೀರಿ ನೋಡ್ರಿ ಅಕ್ಕಾ,” ಎಂದು ಅವನು ಜೋರಾಗಿ ನಕ್ಕ. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಅಕ್ಕ ಸೆರಗನ್ನು ಹುಬ್ಬಿನತನಕ ಎಳೆದುಕೊಂಡಳು.

ಜಹೀರಾಬಾದಿನಲ್ಲಿ ತಾಂಡೂರಿನ ಬಸ್ಸು ಹತ್ತಿದ ಮೇಲೆ ಹಗೇವಿನ ಮಾತು ತೆಗೆದೆ. ಇತ್ತೋ ಇಲ್ಲವೋ ಅಷ್ಟು ಹೇಳು ಎಂದೆ. ಅವಳು ಕಿಟಕಿಯಿಂದ ನನ್ನ ಕಡೆ ತಿರುಗಿದಳು.

“ಇತ್ತು. ಮುಚ್ಚಿ ಚಪ್ಪಡಿ ಹಾಕ್ಯಾರ. ಒಳಗ ಕೆಟ್ಟ ಗಾಳಿ ಇದ್ರ ಮನಷಾ ಸಾಯ್ತಾನಂತ ಮೊದಲ ದೀಪ ಇಳಸ್ತಿದ್ರು. ನಿನ್ನ ಪಾಳಿ ಬಂದ ದಿವಸ ದೀಪಕ್ಕ ಬತ್ತಿ ಹಾಕಿದಾಕಿ ನಾನ. ಎಣ್ಣಿಯಾಗ ನೀರು ಹಾಕಿದ್ದೆ. ನಡುವ ಆರಿತು.”

“ಹಂಗಾದ್ರ ನನಗ ಇಳಿಸಲೇ ಇಲ್ಲ?”

“ಇಲ್ಲ. ಎಣ್ಣಿ ಚಟಪಟ ಅಂದದ್ದು ದೊಡ್ಡಪ್ಪ ಕೇಳಿದ್ದ. ಮರುದಿವಸ ಬ್ಯಾರೆ ದೀಪ ಇಳಿಸಿ ನೋಡಿ ನನಗ ಇಳಿಸಿದ್ರು.”

ನನಗೆ ಒಳಗಿನದು ಯಾಕೆ ನೆನಪಿಲ್ಲವೆಂದು ಆಗ ತಿಳಿಯಿತು. ಒಳಗೆ ಹೇಗಿತ್ತು ಎಂದು ನಾನು ಕೇಳಲಿಲ್ಲ.

ತಾಂಡೂರು ತಲುಪಿದಾಗ ಸಂಜೆ. ಕಲ್ಲು ಕೊಯ್ಯುವ ಯಂತ್ರಗಳು ನಿಂತಿದ್ದವು, ರಸ್ತೆಯ ಗಿಡಗಳ ಮೇಲೆಲ್ಲ ಕಲ್ಲಿನ ಪುಡಿ. ನಮ್ಮ ಚಿಗವ್ವ, ಅವ್ವನ ತಂಗಿ, ಅಲ್ಲಿ ಆಸ್ಪತ್ರೆಯ ಆಯಾ ಆಗಿದ್ದಾಳೆ. ನನಗಿಂತ ಎಷ್ಟೋ ಮೊದಲು ಮನಿ ಬಿಟ್ಟವಳು. ಬಾಗಿಲಿಗೆ ಬಂದವಳೇ ಮರೆತು, ಎಲ್ಲರೂ ಕೊಡುವ ಹಾಗೆ, ಒಂದು ಲೋಟ ನೀರು ಚಾಚಿದಳು. ಬೆಳಗಿನಿಂದ ಹನಿ ನೀರು ಕಾಣದ ಅಕ್ಕ ಒಂದು ಹೆಜ್ಜೆ ಹಿಂದೆ ಸರಿದಳು.

“ಇಲ್ಲಿ ಕುಡದ್ರ ನನಗ ಹೊರಗ ಬಿಡ್ತೀರೇನ ಚಿಗವ್ವಾ?”

ಚಿಗವ್ವ ನಗಲಿಲ್ಲ. ಲೋಟವನ್ನು ಕೆಳಗಿಟ್ಟು ಅವಳ ಕೈ ಹಿಡಿದು ಒಳಗೆ ಕರೆದೊಯ್ದಳು. ಅಕ್ಕ ಅನ್ನ ಸಾರು ಉಂಡಳು, ನೀರು ಮುಟ್ಟಲಿಲ್ಲ.

ಅಕ್ಕ ಚಿಗವ್ವನ ಹತ್ತಿರವೇ ಉಳಿಯುವುದೆಂದಾಯಿತು. ಮರುದಿನ ಬೆಳಿಗ್ಗೆ ನನ್ನನ್ನು ಕಲಬುರಗಿಯ ರೈಲಿಗೆ ಬಿಡಲು ಇಬ್ಬರೂ ಬಂದರು. ಅಕ್ಕ ಚಿಗವ್ವನ ಸೆರಗಿನ ತುದಿ ಬಿಟ್ಟಿರಲಿಲ್ಲ, ಬಿಳಿ ರುಮಾಲಿನವರು ಯಾರು ಹಾದರೂ ಕಂಬದ ಮರೆಗೆ ಸರಿಯುತ್ತಿದ್ದಳು. ನಾನೂ ನೋಡುತ್ತಲೇ ಇದ್ದೆ. ರೈಲು ಕದಲಿದಾಗ ಕಿಟಕಿಯಿಂದ ತಿರುಗಿ ನೋಡಿದೆ. ಪ್ಲಾಟ್‌ಫಾರ್ಮಿನ ನಲ್ಲಿಯ ಮುಂದೆ ಅಕ್ಕ ಬಗ್ಗಿದ್ದಳು. ಯಾರೂ ಕೊಡದ ಆ ನೀರಿಗೆ ಬೊಗಸೆ ಒಡ್ಡಿ, ಒಮ್ಮೆ ಹಿಂದೆ ತಿರುಗಿ ಸ್ಟೇಷನ್ನಿನ ಬಾಗಿಲು ನೋಡಿ, ಗಟಗಟ ಕುಡಿಯುತ್ತಿದ್ದಳು.