ಮುಚ್ಚಿದ ಕಣ್ಣು ತೆರೆಸುವ ಕೇಶವಯ್ಯ

ಬೆಳಗಿನ ಆರು ಗಂಟೆ. ಕಂಬದೂರಿನ ಒಂದು ಮನೆಯ ಜಗಲಿಯ ಮೇಲೆ ತೋಟಪ್ಪನವರು ಕೂತಿದ್ದಾರೆ. ಹಣೆಗೆ ವಿಭೂತಿ, ಕೊರಳಿಗೆ ಹೂವಿನ ಹಾರ, ಬೆನ್ನಿಗೆ ಗೋಡೆ. ಪ್ರಾಣ ಹೋಗಿ ಒಂಬತ್ತು ಗಂಟೆಯಾಗಿದೆ. ಅವರ ಜನರಲ್ಲಿ ಹೋದವರನ್ನು ಕೂರಿಸಿಯೇ ಕಳಿಸುವುದು. ಎದುರಿಗೆ ಕ್ಯಾಮೆರಾ ಸ್ಟ್ಯಾಂಡಿನ ಪಕ್ಕ ಫೋಟೋಗ್ರಾಫರ್ ಕೇಶವಯ್ಯ ಚಪ್ಪಲಿ ಬಿಟ್ಟು ನಿಂತಿದ್ದಾರೆ, ಬಿಸಿಲು ಜಗಲಿಗೆ ಏರಲೆಂದು ಕಾಯುತ್ತ. ಸತ್ತವರ ಮುಖಕ್ಕೆ ಅವರು ಫ್ಲಾಶ್ ಹಾಕುವುದಿಲ್ಲ.

ಫೋಟೋ ತೆಗೆದಾದ ಮೇಲೆ ತೋಟಪ್ಪನವರ ಹೆಂಡತಿ ಶಿವಲಕ್ಷ್ಮಮ್ಮನ ಹತ್ತಿರ ಕುಕ್ಕರಗಾಲಲ್ಲಿ ಕೂತು ಕೇಳುತ್ತಾರೆ: “ಅಮ್ಮಾ, ಯಜಮಾನ್ರು ಹೆಂಗೆ ನೋಡೋರು?”

ಅಳುತ್ತಿದ್ದ ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು ತಲೆ ಎತ್ತುತ್ತಾರೆ. “ನೆಟ್ಟಗೆ ಎಲ್ಲಿ ನೋಡೋರಪ್ಪ? ಏನಾರ ಕೇಳಿದ್ರೆ ಎಡಗಣ್ಣು ಒಂಚೂರು ಕಿರಿದು ಮಾಡೋರು. ನಗ್ತಾವ್ರೋ, ಬೈತಾವ್ರೋ, ಗೊತ್ತೇ ಆಗ್ತಿರ್ಲಿಲ್ಲ.” ಕೇಶವಯ್ಯ ಅದನ್ನು ಜೇಬಿನ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ.

ಈ ಸೀಮೆಯಲ್ಲಿ ಬದುಕಿದ್ದಾಗ ಒಂದೂ ಫೋಟೋ ತೆಗೆಸಿಕೊಳ್ಳದೆ ಹೋದವರು ಲೆಕ್ಕವಿಲ್ಲದಷ್ಟು. ಕೊನೆಯ ದಿನ ತೆಗೆದದ್ದೇ ಮೊದಲನೆಯದು. ಆದರೆ ಕಣ್ಣು ಮುಚ್ಚಿದ ಮುಖವನ್ನು ಗೋಡೆಗೆ ಯಾರು ಹಾಕುತ್ತಾರೆ? ಹಾಗಾಗಿ ಕೇಶವಯ್ಯ ಪ್ರಿಂಟಿನ ಮೇಲೆ ಸಣ್ಣ ಕುಂಚದಿಂದ ತೆರೆದ ಕಣ್ಣು ಬರೆಯುತ್ತಾರೆ, ಅದನ್ನು ಮತ್ತೆ ಫೋಟೋ ಹೊಡೆದು ಚೌಕಟ್ಟಿಗೆ ಹಾಕಿ ಕೊಡುತ್ತಾರೆ. ಜನ ತೆಲುಗಿನಲ್ಲಿ ಅವರನ್ನು ‘ಕಳ್ಳು ತೆರಿಪಿಂಚೇ ಕೇಶವಯ್ಯ’ ಎನ್ನುತ್ತಾರೆ. ತೆಲುಗಿನವರಿಗೆ ಕಳ್ಳು ಎಂದರೆ ಕಣ್ಣು. ಕನ್ನಡ ಮಾತ್ರ ಬಲ್ಲವರು ಕೇಳಿದರೆ ಈ ಮನುಷ್ಯ ಹೆಂಡದಂಗಡಿ ತೆರೆಸುವವನೆಂದುಕೊಂಡಾರು! ಕಾಫಿಯನ್ನೂ ಮುಟ್ಟದ ಕೇಶವಯ್ಯ ಇದಕ್ಕೆ ನಗುವುದೂ ಇಲ್ಲ.

ಹುಟ್ಟಿದ್ದು ಹಿಂದೂಪುರದ ನೇಕಾರರ ಮನೆಯಲ್ಲಿ. ಅಪ್ಪ ಜಯರಾಮಪ್ಪನ ಮಗ್ಗದಲ್ಲಿ ಹರಿದ ಎಳೆ ಕೂಡಿಸುತ್ತ ಕೈ ಪಳಗಿತು. ಮಗ್ಗ ನಿಂತಾಗ ಅದೇ ಊರಿನ ಸ್ಟುಡಿಯೋ ಒಂದರಲ್ಲಿ ಕೆಲಸ ಕಲಿತು, ೧೯೭೧ರಲ್ಲಿ ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನ ಹಿಂದೆ ತಮ್ಮದೇ ಸ್ಟುಡಿಯೋ ತೆರೆದರು. ತಿಂಗಳಿಗೆ ನಾಲ್ಕೈದು ಇಂಥ ಕರೆ. ಇಪ್ಪತ್ಮೂರು ವರ್ಷದಲ್ಲಿ ಸಾವಿರಕ್ಕೂ ಮಿಕ್ಕಿ ಜೋಡಿ ಕಣ್ಣುಗಳು. ಈಗಿನ ‘ಹೆಂಗೆ ನೋಡೋರು’ ಎಂಬ ಪ್ರಶ್ನೆಗೆ ಮಾತ್ರ ಎರಡೇ ವರ್ಷ ವಯಸ್ಸು.

ಅದನ್ನು ಕಲಿಸಿದವಳು ಭ್ರಮರಾಂಬ.

ಹದಿನೆಂಟು ತುಂಬಿದ ಆ ಹುಡುಗಿ ೧೯೯೨ರಲ್ಲಿ, ಚೌಕಟ್ಟು ಹಾಕಿದ ಫೋಟೋವನ್ನು ಟವೆಲಿನಲ್ಲಿ ಸುತ್ತಿಕೊಂಡು ಕಂಬದೂರಿನಿಂದ ಒಬ್ಬಳೇ ಬಂದಳು. ಫೋಟೋದಲ್ಲಿದ್ದವರು ಅವಳ ತಾಯಿ ಹಂಪಮ್ಮ. ಮಗಳಿಗೆ ಹನ್ನೆರಡು ದಿನವಾಗಿದ್ದಾಗ ತೀರಿಕೊಂಡವರು. ಫೋಟೋದಲ್ಲಿ ಅಂದು ಕೇಶವಯ್ಯನೇ ಬರೆದ ನೆಟ್ಟನೆಯ, ಅಗಲವಾದ, ಚೆಂದದ ಕಣ್ಣು. ಎದುರಿಗೆ ನಿಂತ ಮಗಳದು ಮೆಳ್ಳೆಗಣ್ಣು.

“ನಿಂದು ನಿಮ್ಮವ್ವಂದೇ ಕಣ್ಣು ಅಂತಾಳೆ ನಮ್ಮಜ್ಜಿ. ಅಜ್ಜಿ ಸುಳ್ಳು ಹೇಳ್ತಾಳೋ, ನಿಮ್ಮ ಫೋಟೋ ಸುಳ್ಳು ಹೇಳ್ತೈತೋ?” ಎಂದಳು. ತಾಯಿಯದು ಅಂತ ತನ್ನಲ್ಲಿ ಏನಾದರೂ ಇದೆಯೋ ಇಲ್ಲವೋ, ಅಷ್ಟು ತಿಳಿದರೆ ಸಾಕಾಗಿತ್ತು ಅವಳಿಗೆ.

ಹಿಂದೂಪುರದ ಸ್ಟುಡಿಯೋದಲ್ಲಿ ಗುರುಗಳು ಕಲಿಸಿದ ಒಂದೇ ಅಚ್ಚಿನ ಕಣ್ಣನ್ನು ಎಲ್ಲರಿಗೂ ಬರೆದವರು ಕೇಶವಯ್ಯ. ಯಾರನ್ನೂ ಏನೂ ಕೇಳಿದವರಲ್ಲ. ಸ್ಟುಡಿಯೋಗೆ ಬೀಗ ಹಾಕಿ ಅವಳ ಜೊತೆಯೇ ಬಸ್ ಹತ್ತಿ, ಅವಳ ತಂದೆ ದೊಡ್ಡಬಸಪ್ಪನವರ ಮುಂದೆ ಹೋಗಿ ನಿಂತರು.

“ಮಗೀದೇ ಕಣ್ಣು ಕಣಯ್ಯ ಅವಳ್ದು,” ಎಂದರು ದೊಡ್ಡಬಸಪ್ಪ. “ಫೋಟೋ ಈಸ್ಕೊಂಡಾಗ್ಲೇ ಎದೆ ಧಸಕ್ ಅಂತು. ಇವಳ್ಯಾರೋ ಅನ್ನಿಸ್ತು. ಚೆಂದಾಗಿ ಮಾಡವ್ನೆ, ಪೋನೀಲೇ, ಹೋಗ್ಲಿ ಬಿಡು ಅಂತ ಸುಮ್ನಾಗ್ಬುಟ್ಟೆ.”

ಆ ದಿನ ನೆನೆದಾಗಲೆಲ್ಲ ಕೇಶವಯ್ಯ ಹೇಳುತ್ತಾರೆ: “ಹದಿನೆಂಟು ವರ್ಷ ಒಂದು ಮಗೂಗೆ ಇನ್ಯಾರನ್ನೋ ತೋರ್ಸಿ ಇವಳೇ ನಿಮ್ಮವ್ವ ಅಂದ್ಬುಟ್ನಲ್ಲಪ್ಪ. ಆ ಮಗು ದಿನಾ ಕೈ ಮುಗಿದಿದ್ದು ಯಾರ್ಗೆ?”

ಹಳೆಯ ನೆಗೆಟಿವ್ ತಗಡಿನ ಪೆಟ್ಟಿಗೆಯಲ್ಲಿತ್ತು. ಅದರಲ್ಲಿ ಹಂಪಮ್ಮನ ಕಣ್ಣು ಮುಚ್ಚಿದಂತೆಯೇ ಇತ್ತು. ಹೊಸ ಪ್ರಿಂಟ್ ಹಾಕಿ, ಭ್ರಮರಾಂಬಳನ್ನು ಕಿಟಕಿಯ ಬೆಳಕಿಗೆ ಕೂರಿಸಿಕೊಂಡು, ಅವಳ ಕಣ್ಣು ನೋಡುತ್ತ ತಾಯಿಯ ಕಣ್ಣು ಬರೆದರು. ಬೇರೆಯವರದಕ್ಕೆ ಎರಡು ಗಂಟೆ ಹಿಡಿಯುತ್ತಿದ್ದ ಕೆಲಸಕ್ಕೆ ಎರಡು ದಿನ ಹಿಡಿಯಿತು. ಮೂರು ಸಲ ಬರೆದು ಮೂರು ಪ್ರಿಂಟ್ ಹರಿದರು. ನಾಲ್ಕನೆಯದನ್ನು ಕೈಗೆ ಕೊಟ್ಟಾಗ ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ, “ಅವ್ವ ನನ್ನೇ ನೋಡ್ತಾವ್ಳೆ” ಎಂದು ಅಳತೊಡಗಿದಳು. ಕೇಶವಯ್ಯನೂ ಅತ್ತರು, ಅದನ್ನು ಹೇಳಲು ಅವರಿಗೆ ನಾಚಿಕೆಯಿಲ್ಲ.

ಹಳೆಯ ಫೋಟೋವನ್ನು ಅವಳು ಸ್ಟುಡಿಯೋದಲ್ಲೇ ಬಿಟ್ಟುಹೋದಳು. ಕಣ್ಣು ಬರೆಯಲು ಕೂರುವ ಸ್ಟೂಲಿನ ಎದುರಿಗೆ ಅದು ಈಗಲೂ ತೂಗುತ್ತಿದೆ. ಇಂದು ಮಧ್ಯಾಹ್ನ ಅದರ ಕೆಳಗೆ ತೋಟಪ್ಪನವರ ಪ್ರಿಂಟ್ ಇಟ್ಟುಕೊಂಡು, ನೋಟ್‌ಬುಕ್ ತೆರೆದು, ಎಡಗಣ್ಣನ್ನು ಒಂಚೂರು ಕಿರಿದು ಮಾಡಲು ಹೆಣಗುತ್ತಿದ್ದಾರೆ. ಇಷ್ಟು ವರ್ಷದಲ್ಲಿ ತಮಗೆ ಮೆಚ್ಚುಗೆಯಾದದ್ದು ಯಾವುದೆಂದು ಕೇಳಿದರೆ ಕುಂಚವನ್ನು ನೀರಿಗೆ ಅದ್ದಿ, ತಲೆ ಎತ್ತದೆ ಹೇಳುತ್ತಾರೆ:

“ಸಾವಿರ ಜನಕ್ಕೆ ನೆಟ್ಟಗೆ ಬರ್ದೆ ಕಣಪ್ಪ. ಸರ್ಯಾಗಿ ಬಂದಿರೋದು ಆ ಮೆಳ್ಳೆಗಣ್ಣೊಂದೇ.”